ಬೀಡಿ ಬಿಟ್ಟು ಕವಳ ಹಿಡಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ

ಕಾರವಾರದ ಬೈತಖೋಲ ಬಂದರಿನ ಹಾದಿಯ ಗೂಡಂಗಡಿಗಳಲ್ಲಿ ಬೆಳಗಿನ ಚಹಾದ ಜತೆ ಸಿಗರೇಟು ಕೇಳುವವರು ಪ್ಯಾಕು ಕೇಳುವುದು ಅಪರೂಪ. ಒಂದು, ಹೆಚ್ಚೆಂದರೆ ಎರಡು. ಕಂಬಕ್ಕೆ ಕಟ್ಟಿದ ನಾರಿನ ಹಗ್ಗದ ತುದಿಯ ಕೆಂಡಕ್ಕೆ ತಾಗಿಸಿ, ದಮ್ ಎಳೆದು, ಚಿಲ್ಲರೆಯನ್ನು ಡಬ್ಬಿಯ ಮೇಲಿಟ್ಟು ನಡೆಯುತ್ತಾರೆ. ಚಿಲ್ಲರೆ ಇಲ್ಲದ ದಿನ ಉದ್ರಿ ಪುಸ್ತಕ ಇದ್ದೇ ಇದೆ. ತಿಂಗಳಿಗೆ ಅಕ್ಕಿಗೆ ಎಷ್ಟು, ಗ್ಯಾಸಿಗೆ ಎಷ್ಟು ಎಂದು ಕೇಳಿದರೆ ಥಟ್ಟನೆ ಹೇಳುವವರೂ ಸಿಗರೇಟಿಗೆ ಎಷ್ಟು ಎಂದರೆ ಮೇಲೆ ಕೆಳಗೆ ನೋಡುತ್ತಾರೆ. ಆ ದುಡ್ಡು ಯಾವತ್ತೂ ಒಟ್ಟಿಗೆ ಕೈಬಿಟ್ಟು ಹೋಗುವುದಿಲ್ಲ, ಅದಕ್ಕೇ ನೆನಪಿರುವುದಿಲ್ಲ.

ಬಿಡಿಯಾಗಿ ಮಾರುವುದರಲ್ಲಿ ಇನ್ನೂ ಒಂದು ಮಸಲತ್ತಿದೆ. ಪ್ಯಾಕಿನ ಮುಖದ ಶೇ. 85 ಭಾಗವನ್ನು ಆವರಿಸಿದ ಎಚ್ಚರಿಕೆಯ ಚಿತ್ರ ಅಂಗಡಿಯವನ ಪಾಲಿಗೆ ಮಾತ್ರ ಉಳಿಯುತ್ತದೆ, ಸೇದುವವನ ಕಣ್ಣಿಗೆ ಬೀಳುವುದೇ ಇಲ್ಲ. ಕರ್ನಾಟಕದ ತಿದ್ದುಪಡಿ ಕಾಯ್ದೆಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಬಿಡಿ ಸಿಗರೇಟು ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000ಕ್ಕೆ ಏರಿದೆ. ಕಾಯ್ದೆ ಇದೆ, ಹಗ್ಗವೂ ಉರಿಯುತ್ತಲೇ ಇದೆ.

ಲೆಕ್ಕ ಹಾಕೋಣ. ಸಿಗರೇಟೊಂದಕ್ಕೆ 20 ರೂ. ಹಿಡಿದು ದಿನಕ್ಕೆ ಹತ್ತು ಎಂದರೆ ತಿಂಗಳಿಗೆ 6,000, ವರ್ಷಕ್ಕೆ 73,000 ರೂ. ಅದೇ 6,000ವನ್ನು ಶೇ. 6.5ರ ಬಡ್ಡಿಯಲ್ಲಿ ತಿಂಗಳು ತಿಂಗಳು ಆರ್‌ಡಿ ಕಟ್ಟಿದರೆ ಹತ್ತು ವರ್ಷಕ್ಕೆ ಸುಮಾರು 10 ಲಕ್ಷ ಆಗುತ್ತದೆ. ಬೀಡಿಯ ಲೆಕ್ಕ ಬೇರೆ. ದಿನಕ್ಕೊಂದು ಕಟ್ಟು, ಕಟ್ಟಿಗೆ 25 ರೂ. ಎಂದುಕೊಂಡರೆ ತಿಂಗಳಿಗೆ 750 ರೂ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲೂ ಇದೇ ಅಂತರ ಕಂಡಿತ್ತು: ದಿನಾ ಸಿಗರೇಟು ಸೇದುವವರ ತಿಂಗಳ ಸರಾಸರಿ ಖರ್ಚು 1,192 ರೂ., ಬೀಡಿ ಸೇದುವವರದು 284 ರೂ. ಬೀಡಿ ಅಗ್ಗ ಎನ್ನುವುದನ್ನು ಇಲ್ಲಿ ನೆನಪಿಟ್ಟುಕೊಂಡಿರಿ. ಬಿಡುವ ಮಾತು ಬಂದಾಗ ಅದೇ ದೊಡ್ಡ ತೊಡಕಾಗುತ್ತದೆ.

ಅಂಗಡಿಯಲ್ಲಿ ಕೊಡುವುದು ಖರ್ಚಿನ ಸಣ್ಣ ಪಾಲು ಅಷ್ಟೆ. 2017-18ರಲ್ಲಿ 35 ದಾಟಿದವರ ತಂಬಾಕಿನ ಕಾಯಿಲೆ ಮತ್ತು ಅಕಾಲ ಮರಣಗಳಿಂದ ದೇಶಕ್ಕೆ ಆದ ನಷ್ಟ ಸುಮಾರು 1.77 ಲಕ್ಷ ಕೋಟಿ ರೂ., ಅಂದರೆ ಒಟ್ಟು ಆಂತರಿಕ ಉತ್ಪನ್ನದ ಶೇ. 1.04. ತಂಬಾಕಿನ ಅಬಕಾರಿ ಸುಂಕದಿಂದ ಬಂದದ್ದು ಅದರ ಎಂಟರಲ್ಲೊಂದು ಪಾಲಿನಷ್ಟು. ಈ ದೊಡ್ಡ ಅಂಕಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಒಂದು ಮನೆಗೆ ಇಳಿದಾಗ ಹೇಗಿರುತ್ತದೆ ಎಂಬುದನ್ನು ದೂರದ ಲೆಕ್ಕದಲ್ಲಿ ನೋಡಬೇಕು. ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ ಎಂದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ. ಕಾರವಾರದಿಂದ ಮಂಗಳೂರು ಸುಮಾರು 270 ಕಿ.ಮೀ., ಶಿರಸಿಯಿಂದ ಹುಬ್ಬಳ್ಳಿ ನೂರರ ಆಸುಪಾಸು. ದಿನಾ ಹೋಗಿ ಬರುವ ದೂರವಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ನಿಜ. ಆದರೆ ಒಂದೂವರೆ ತಿಂಗಳ ರೂಮು ಬಾಡಿಗೆ, ಜತೆಗಿರುವವರ ಕೂಲಿ, ಊರಲ್ಲಿ ಬಿಟ್ಟು ಬಂದ ದನ-ತೋಟ, ಇವು ಯಾವ ಕಾರ್ಡಿಗೂ ಬರುವುದಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗಿನ ಹಿಂದೆ ಇದ್ದದ್ದೂ ಇದೇ ದಾರಿಯ ದಣಿವು.

ಬೀಡಿ ಎಲೆಯಲ್ಲಿ ಸುತ್ತಿದ್ದು, ಕಾಗದವಿಲ್ಲ, ತಂಬಾಕೂ ಕಡಿಮೆ, ಹಾಗಾಗಿ ಸೌಮ್ಯ ಎಂಬ ನಂಬಿಕೆ ಗಟ್ಟಿಯಾಗಿದೆ. ತಂಬಾಕು ಕಡಿಮೆ ಎನ್ನುವುದು ಸರಿ. ಆದರೆ ಆ ಎಲೆಯಲ್ಲಿ ಗಾಳಿ ಆಡುವುದಿಲ್ಲ, ಬಿಟ್ಟರೆ ನಂದಿಹೋಗುತ್ತದೆ. ನಂದಬಾರದೆಂದು ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಕೊನೆಗೆ ಒಳಗೆ ಹೋಗುವ ನಿಕೋಟಿನ್, ಟಾರು, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗೆ ಸಮ, ಎಷ್ಟೋ ಸಲ ಜಾಸ್ತಿ. 2008ರಲ್ಲಿ ಪ್ರಕಟವಾದ ಭಾರತದ ದೊಡ್ಡ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸರ ಆಯುಷ್ಯದಲ್ಲಿ ಸುಮಾರು 6 ವರ್ಷ, ಹೆಂಗಸರದರಲ್ಲಿ 8 ವರ್ಷ, ಸಿಗರೇಟು ಸೇದುವ ಗಂಡಸರದರಲ್ಲಿ 10 ವರ್ಷ ಕಡಿಮೆಯಾಗುತ್ತದೆ.

ಚಟಕ್ಕೆ ಎರಡು ಕಾಲು

ಬಿಡಲು ಹೊರಟವರು ಸೋಲುವುದು ಮನೋಬಲ ಸಾಲದೆ ಎಂದು ಊರೆಲ್ಲ ಹೇಳುತ್ತದೆ. ಯಾವ ನೆರವೂ ಇಲ್ಲದೆ ಒಂದು ಸಲ ಪ್ರಯತ್ನಿಸಿದವರಲ್ಲಿ ಆರು ತಿಂಗಳಿಂದ ವರ್ಷದವರೆಗೆ ಬಿಟ್ಟೇ ಉಳಿಯುವವರು ನೂರಕ್ಕೆ ಮೂರರಿಂದ ಐದು ಜನ. ನೂರರಲ್ಲಿ ತೊಂಬತ್ತೈದು ಜನಕ್ಕೂ ಮನೋಬಲ ಇಲ್ಲ ಎನ್ನುವುದಕ್ಕಿಂತ ಉಪಾಯ ಸರಿಯಿಲ್ಲ ಎನ್ನುವುದೇ ಒಪ್ಪುವ ಮಾತು.

ಚಟದ ಒಂದು ಕಾಲು ನಿಕೋಟಿನ್. ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮೆದುಳಿಗೆ ಮುಟ್ಟುತ್ತದೆ, ಎರಡು ತಾಸಿನಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ, ಅಷ್ಟರಲ್ಲಿ ಇನ್ನೊಂದು ಬೇಕು. ಇನ್ನೊಂದು ಕಾಲು ರೂಢಿ: ಊಟವಾದ ಕೂಡಲೇ, ಚಹಾದ ಜತೆ, ಬಸ್ಸು ಕಾಯುವಾಗ, ಯಕ್ಷಗಾನ ಆಟದ ಟೆಂಟಿನ ಹೊರಗೆ ನಡುರಾತ್ರಿ ನಿಂತಾಗ ಕೈ ತಾನಾಗಿ ಜೇಬಿಗೆ ಹೋಗುವುದು. ಔಷಧಗಳು ಮೊದಲ ಕಾಲನ್ನು ಹಿಡಿಯುತ್ತವೆ. ಪರ್ಯಾಯ ಚಿಕಿತ್ಸೆ ಎಂದು ಕರೆಸಿಕೊಳ್ಳುವ ಯೋಗ, ವ್ರತ, ಸಮ್ಮೋಹನ, ಬಾಯಿಗೆ ಲವಂಗ ಮುಂತಾದವು ಬಹುಪಾಲು ಎರಡನೆಯದನ್ನು. ಒಂದೇ ಕಾಲು ಹಿಡಿದರೆ ಚಟ ಇನ್ನೊಂದರ ಮೇಲೆ ಕುಂಟುತ್ತ ವಾಪಸು ಬರುತ್ತದೆ.

ಯಾವ ಕಾಲು ಎಷ್ಟು ಬಲ ಎಂದು ತಿಳಿಯಲು ಎರಡು ಪ್ರಶ್ನೆ ಸಾಕು. ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು? ದಿನಕ್ಕೆ ಎಷ್ಟು? ಎದ್ದ ಅರ್ಧ ತಾಸಿನೊಳಗೆ ಹಚ್ಚುವವರಿಗೆ, ಅದರಲ್ಲೂ ಬೀಡಿ ಹಚ್ಚಿಕೊಂಡೇ ಸಂಡಾಸಿಗೆ ಹೋಗುವವರಿಗೆ, ಔಷಧವಿಲ್ಲದೆ ಬಿಡುವುದು ಬಲು ಕಷ್ಟ. ಮಧ್ಯಾಹ್ನದವರೆಗೆ ನೆನಪೇ ಆಗದೆ ಸಂಜೆ ಗೆಳೆಯರ ಜತೆ ಮೂರು ಸೇದುವವರಿಗೆ ಗೆಳೆಯರನ್ನು ನಿಭಾಯಿಸುವುದೇ ಚಿಕಿತ್ಸೆ.

ಗಮ್ಮು ಮತ್ತು ಅಪ್ಪೆಹುಳಿ

ನಿಕೋಟಿನ್ ಗಮ್ಮು ಔಷಧದಂಗಡಿಯಲ್ಲಿ ಸಿಗುತ್ತದೆ, 2 ಮಿ.ಗ್ರಾಂ. ಮತ್ತು 4 ಮಿ.ಗ್ರಾಂ. ಎದ್ದ ಅರ್ಧ ತಾಸಿನೊಳಗೆ ಸೇದುವವರಿಗೆ 4 ಮಿ.ಗ್ರಾಂ. ಬೇಕಾಗುತ್ತದೆ, ಅದಕ್ಕೆ ವೈದ್ಯರ ಚೀಟಿ ಬೇಕು. "ತಿಂದು ನೋಡಿದೆ, ಬಿಕ್ಕಳಿಕೆ ಬಂತು, ಏನೂ ಪ್ರಯೋಜನ ಇಲ್ಲ" ಎನ್ನುವವರೆಲ್ಲ ಹೆಚ್ಚುಕಡಿಮೆ ಒಂದೇ ತಪ್ಪು ಮಾಡಿರುತ್ತಾರೆ: ಬಬಲ್ ಗಮ್ಮಿನ ಹಾಗೆ ಅಗಿದಿರುತ್ತಾರೆ. ಹಾಗೆ ಅಗಿದಾಗ ನಿಕೋಟಿನ್ ಒಮ್ಮೆಗೇ ಜೊಲ್ಲಿಗೆ ಇಳಿದು ಹೊಟ್ಟೆ ಸೇರುತ್ತದೆ. ಹೊಟ್ಟೆಯಿಂದ ಹೀರಿಕೊಂಡದ್ದರ ದೊಡ್ಡ ಪಾಲನ್ನು ಯಕೃತ್ತು ಅಲ್ಲೇ ಮುರಿದುಹಾಕುತ್ತದೆ. ಉಳಿಯುವುದು ಎದೆಯುರಿ, ವಾಕರಿಕೆ, ಬಿಕ್ಕಳಿಕೆ.

ಸರಿಯಾದ ಕ್ರಮ ಕವಳ (ಎಲೆ-ಅಡಿಕೆ) ಹಾಕುವವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ನಿಧಾನವಾಗಿ ಹತ್ತು ಹದಿನೈದು ಸಲ ಅಗಿಯಬೇಕು. ಮೆಣಸಿನ ಕಾಳು ಕಚ್ಚಿದ ಹಾಗೆ ಚುರುಗುಟ್ಟಲು ಶುರುವಾದ ಕೂಡಲೇ ನಿಲ್ಲಿಸಿ, ದವಡೆ ಮತ್ತು ಕೆನ್ನೆಯ ಸಂದಿಗೆ ಒತ್ತಿಟ್ಟುಕೊಳ್ಳಬೇಕು. ಒಂದು ನಿಮಿಷದಲ್ಲಿ ಚುರುಕು ಇಳಿಯುತ್ತದೆ. ಮತ್ತೆ ನಾಲ್ಕು ಸಲ ಅಗಿದು, ಬಾಯಿಯ ಇನ್ನೊಂದು ಬದಿಗೆ ಇಡಬೇಕು. ಹೀಗೆ ಅರ್ಧ ತಾಸು. ಜೊಲ್ಲನ್ನು ಗುಟುಕು ಗುಟುಕಾಗಿ ನುಂಗಬಾರದು. ಕಟ್ಟಿಸಿದ ಹಲ್ಲಿನವರಿಗೆ ಗಮ್ಮು ಅಂಟಿಕೊಳ್ಳುತ್ತದೆ, ಅವರಿಗೆ ಚೀಪುವ ಮಾತ್ರೆ ವಾಸಿ.

ಇಲ್ಲಿ ಕರಾವಳಿಯ ಮತ್ತು ಘಟ್ಟದ ಮೇಲಿನ ಊಟಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಬಾಯಿಯ ಒಳಪದರ ನಿಕೋಟಿನ್ನನ್ನು ಹೀರಿಕೊಳ್ಳುವುದು ಜೊಲ್ಲು ಕ್ಷಾರವಾಗಿದ್ದರೆ ಮಾತ್ರ. ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುವುದು ಇದೇ ಕಾರಣಕ್ಕೆ. ಹಿಂದಿನವರಿಗೆ ರಸಾಯನಶಾಸ್ತ್ರ ಗೊತ್ತಿಲ್ಲದಿದ್ದರೂ ಸುಣ್ಣವಿಲ್ಲದೆ 'ಏರುವುದಿಲ್ಲ' ಎಂಬುದು ಗೊತ್ತಿತ್ತು. ಗಮ್ಮಿನೊಳಗೂ ಕ್ಷಾರದ ಅಂಶ ಸೇರಿಸಿಯೇ ತಯಾರಿಸುತ್ತಾರೆ. ಹುಳಿ ಅದನ್ನು ಕೆಡಿಸುತ್ತದೆ. ನಮ್ಮಲ್ಲಿ ಊಟದ ಕೊನೆಗೆ ಏನು ಕುಡಿಯುತ್ತಾರೆ? ಶಿರಸಿ ಸಿದ್ದಾಪುರದ ಕಡೆ ಅಪ್ಪೆಹುಳಿ, ಕಾರವಾರ ಅಂಕೋಲೆಯ ಕಡೆ ಸೋಲ್‌ಕಡಿ, ಬೇಸಿಗೆಯಲ್ಲಿ ಎಲ್ಲ ಕಡೆ ಮುರುಗಲ ಪಾನಕ. ಅದರ ಬೆನ್ನಿಗೇ, ಸೇದಬೇಕೆಂಬ ತುಡಿತ ಅತಿ ಜೋರಾಗಿರುವ ಹೊತ್ತಿನಲ್ಲಿ, ಗಮ್ಮು ಬಾಯಿಗೆ ಹೋದರೆ ಅರ್ಧಕ್ಕರ್ಧ ದಂಡ. ಕಾಫಿ, ಲಿಂಬು ಶರಬತ್ತು, ಸೋಡಾ, ಮಜ್ಜಿಗೆಗೂ ಇದೇ ಮಾತು. ಬಾಯಿ ಮುಕ್ಕಳಿಸಿ, ಕಾಲು ತಾಸು ಬಿಟ್ಟು ಗಮ್ಮು ಹಾಕಬೇಕು, ಗಮ್ಮು ಬಾಯಲ್ಲಿರುವಷ್ಟು ಹೊತ್ತು ಏನೂ ಕುಡಿಯಬಾರದು. ಆ ಕಾಲು ತಾಸು ಕೂರಲಾಗದವರು ಊಟದ ಕೊನೆಯ ಹುಳಿಯನ್ನು ಊಟದ ನಡುವೆಯೇ ಮುಗಿಸಿಕೊಳ್ಳುವುದು ಲೇಸು.

ಎರಡನೇ ತಪ್ಪು ಪ್ರಮಾಣದ್ದು. ತಡೆಯಲಾಗದಾಗ ಮಾತ್ರ ಒಂದು ಎಂದು ದಿನಕ್ಕೆ ಎರಡು ಮೂರು ಗಮ್ಮು ತಿಂದರೆ ನೋವಿನ ಮಾತ್ರೆಯನ್ನು ಕಾಲು ಭಾಗ ನುಂಗಿದ ಹಾಗೆ. ಮೊದಲ ಆರು ವಾರ ಒಂದೆರಡು ತಾಸಿಗೊಂದರಂತೆ ದಿನಕ್ಕೆ ಎಂಟರಿಂದ ಹನ್ನೆರಡು ಬೇಕು. ಆಮೇಲಿನ ಮೂರು ವಾರ ಅದರ ಅರ್ಧ, ಕೊನೆಯ ಮೂರು ವಾರ ಒಂದೆರಡು. ಚರ್ಮಕ್ಕೆ ಅಂಟಿಸುವ ಪ್ಯಾಚು 21, 14, 7 ಮಿ.ಗ್ರಾಂ. ಎಂದು ಇಳಿಯುತ್ತ ಹೋಗುತ್ತದೆ. ದಿನವಿಡೀ ಒಂದೇ ಮಟ್ಟದಲ್ಲಿ ನಿಕೋಟಿನ್ ಕೊಡುವ ಪ್ಯಾಚು, ಅದರ ಮೇಲೆ ತುಡಿತ ಬಂದಾಗ ಗಮ್ಮು, ಹೀಗೆ ಎರಡನ್ನೂ ಸೇರಿಸಿ ಬಳಸಿದವರಲ್ಲಿ ಗೆಲ್ಲುವವರು ಒಂದನ್ನೇ ಬಳಸಿದವರಿಗಿಂತ ಹೆಚ್ಚು. ಆದರೆ ಕರಾವಳಿಯ ಸೆಕೆಯಲ್ಲಿ ಬೆವರಿಗೆ ಪ್ಯಾಚು ಕಿತ್ತುಬರುತ್ತದೆ. ಸ್ನಾನವಾದ ಮೇಲೆ ಚರ್ಮ ಪೂರ್ತಿ ಒಣಗಿಸಿ, ಎಣ್ಣೆ-ಪೌಡರು ಹಚ್ಚದೆ, ಕೂದಲಿಲ್ಲದ ಜಾಗದಲ್ಲಿ ಹತ್ತು ಸೆಕೆಂಡು ಅಂಗೈಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಬೋಟಿನ ಮೇಲೆ ಉಪ್ಪುನೀರಲ್ಲಿ ನೆನೆಯುವವರಿಗೆ ಗಮ್ಮೇ ಸರಿ.

ಮಾತ್ರೆಗಳಲ್ಲಿ ಬುಪ್ರೋಪಿಯಾನ್ ಮತ್ತು ವರೆನಿಕ್ಲಿನ್ ವೈದ್ಯರ ಚೀಟಿಯ ಮೇಲೆ ಮಾತ್ರ. ವರೆನಿಕ್ಲಿನ್ ಮೆದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲೇ ಕೂರುತ್ತದೆ. ತುಡಿತವನ್ನೂ ತಗ್ಗಿಸುತ್ತದೆ, ಸೇದಿದರೆ ಸಿಗುವ ಖುಷಿಯನ್ನೂ ಕಡಿಮೆ ಮಾಡುತ್ತದೆ. ಬಿಡುವ ದಿನಕ್ಕೆ ಒಂದು ವಾರ ಮೊದಲು 0.5 ಮಿ.ಗ್ರಾಂ.ನಿಂದ ಶುರು ಮಾಡಿ, ಎಂಟನೇ ದಿನದಿಂದ 1 ಮಿ.ಗ್ರಾಂ. ದಿನಕ್ಕೆರಡು ಸಲ, ಒಟ್ಟು 12 ವಾರ. ಬರಿಹೊಟ್ಟೆಯಲ್ಲಿ ತೆಗೆದುಕೊಂಡರೆ ವಾಕರಿಕೆ ಬರುವ ಸಂಭವ ಹೆಚ್ಚು. ಊಟದ ಮೇಲೆ ಒಂದು ಲೋಟ ನೀರಿನ ಜತೆ ನುಂಗಬೇಕು. ಕೆಲವರಿಗೆ ವಿಚಿತ್ರ ಕನಸು ಬೀಳುತ್ತವೆ. ಮೂರ್ಛೆರೋಗ ಇರುವವರಿಗೆ ಬುಪ್ರೋಪಿಯಾನ್ ಕೊಡುವಂತಿಲ್ಲ.

ಈಗ ಹಣದ ಮಾತು. ಗಮ್ಮೊಂದಕ್ಕೆ ಹತ್ತು ರೂಪಾಯಿ ಹಿಡಿದು, ಮೊದಲ ಆರು ವಾರ ದಿನಕ್ಕೆ ಹತ್ತು, ಮುಂದಿನ ಮೂರು ವಾರ ಐದು, ಕೊನೆಯ ಮೂರು ವಾರ ಎರಡು ಎಂದರೆ ಒಟ್ಟು ಸುಮಾರು 5,700 ರೂ. ದಿನಕ್ಕೆ ಹತ್ತು ಸಿಗರೇಟಿನವನಿಗೆ ಇದು ಒಂದು ತಿಂಗಳ ಸಿಗರೇಟಿನ ದುಡ್ಡೂ ಅಲ್ಲ. ದಿನಕ್ಕೊಂದು ಕಟ್ಟು ಬೀಡಿಯವನಿಗೆ ಏಳೂವರೆ ತಿಂಗಳ ಬೀಡಿಯ ದುಡ್ಡು. ಬಿಟ್ಟರೆ ಉಳಿತಾಯವಾಗುತ್ತದೆ ಎಂಬ ಬುದ್ಧಿವಾದ ಕೂಲಿಯವನ ಕಿವಿಗೆ ಹೋಗದೇ ಇರುವುದು ಇದಕ್ಕೇ. ಅವನ ಮಟ್ಟಿಗೆ ಔಷಧ ಚಟಕ್ಕಿಂತ ದುಬಾರಿ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆ ಸೇರಿದೆ. ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ವ್ಯಸನಮುಕ್ತಿ ಕೇಂದ್ರ ನಡೆಸಬೇಕೆಂಬುದೂ ಇದೆ. ಜಿಲ್ಲಾಸ್ಪತ್ರೆಗೆ ಹೋದವರು ಕೆಮ್ಮಿಗೆ ಮಾತ್ರೆ ಬರೆಸಿಕೊಂಡು ಬರುವ ಬದಲು "ತಂಬಾಕು ಬಿಡುವ ಕೇಂದ್ರ ಎಲ್ಲಿದೆ, ಗಮ್ಮು ಇದೆಯೇ" ಎಂದು ಬಾಯಿಬಿಟ್ಟು ಕೇಳಬೇಕು. ಕೇಳುವವರಿಲ್ಲದಿದ್ದರೆ ಬೇಡಿಕೆ ಪಟ್ಟಿಗೆ ಅದು ಏರುವುದೂ ಇಲ್ಲ.

ಮಾಲೆ ತೆಗೆದ ಮರುದಿನ

ಪರ್ಯಾಯಗಳ ಪೈಕಿ ನಮ್ಮೂರುಗಳಲ್ಲಿ ಅತಿ ಹೆಚ್ಚು ಜನ ಪ್ರಯೋಗಿಸಿ ನೋಡಿದ್ದು ಬಹುಶಃ ಅಯ್ಯಪ್ಪನ ಮಾಲೆ. 41 ದಿನ ಬೀಡಿ ಇಲ್ಲ, ಹೆಂಡ ಇಲ್ಲ. ದಿನಕ್ಕೆರಡು ಪ್ಯಾಕು ಸೇದುವವರೂ ಅದನ್ನು ಪಾಲಿಸುತ್ತಾರೆ. ಇದನ್ನು ಬರೀ ಭಕ್ತಿ ಎಂದು ಬದಿಗಿಡುವಂತಿಲ್ಲ, ಅದರೊಳಗಿನ ಏರ್ಪಾಡು ನೋಡಿ: ಶುರು ಮಾಡುವ ದಿನ ಗೊತ್ತಾಗಿರುತ್ತದೆ, ಊರಿಗೆಲ್ಲ ಕಾಣುವ ಕಪ್ಪು ಬಟ್ಟೆ ಇರುತ್ತದೆ, ಜತೆಗೆ ಅದೇ ವ್ರತದ ಹತ್ತು ಜನ, ಬೆಳಿಗ್ಗೆ ಬೀಡಿಯ ಹೊತ್ತಿಗೆ ತಣ್ಣೀರು ಸ್ನಾನ, ಸಂಜೆ ಬೀಡಿಯ ಹೊತ್ತಿಗೆ ಭಜನೆ. ಯಾವ ಗೆಳೆಯನೂ ಸ್ವಾಮಿಗೆ ಸಿಗರೇಟು ನೀಡುವುದಿಲ್ಲ. ನಿಕೋಟಿನ್ನಿನ ಹಿಂಸೆ ಎರಡು ಮೂರನೇ ದಿನ ತಾರಕಕ್ಕೇರಿ ಎರಡರಿಂದ ನಾಲ್ಕು ವಾರಕ್ಕೆ ಇಳಿಯುತ್ತದೆ, ಅಂದರೆ ಮಾಲೆ ತೆಗೆಯುವ ಹೊತ್ತಿಗೆ ದೇಹದ ಜಗಳ ಮುಗಿದೇ ಹೋಗಿರುತ್ತದೆ. ಆದರೂ ಮಲೆಯಿಂದ ಇಳಿದು ಬರುವಾಗ ಮೊದಲು ಸಿಕ್ಕ ಚಹಾದಂಗಡಿಯಲ್ಲೇ ಎಷ್ಟೋ ಮಂದಿ ಹಚ್ಚುತ್ತಾರೆ. ವ್ರತ 41 ದಿನಕ್ಕೆ ಎಂದು ಮನಸ್ಸು ಮೊದಲೇ ಒಪ್ಪಂದ ಮಾಡಿಕೊಂಡಿತ್ತು, ನಲವತ್ತೆರಡನೇ ದಿನಕ್ಕೆ ಯಾವ ಯೋಜನೆಯೂ ಇರಲಿಲ್ಲ. ಮಾಲೆ ಹಾಕಿಕೊಳ್ಳುವವರು ಇರುಮುಡಿಯ ಸಾಮಾನಿನ ಜತೆಗೇ ಮಾಲೆ ತೆಗೆದ ಮೇಲಿನ ಎರಡು ತಿಂಗಳಿಗೆ ವ್ಯವಸ್ಥೆ ಮಾಡಿಕೊಳ್ಳಬೇಕು: ವಾಪಸು ಪ್ರಯಾಣದಲ್ಲಿ ಸೇದದವರ ಪಕ್ಕ ಸೀಟು, ಜೇಬಲ್ಲಿ ಒಂದು ಸ್ಟ್ರಿಪ್ ಗಮ್ಮು, ವಾರಕ್ಕೊಮ್ಮೆ ಅದೇ ಭಜನೆಯ ಗುಂಪು.

ಪ್ರಾಣಾಯಾಮ, ವೇಗದ ನಡಿಗೆಗೆ ಒಂದು ನಿಜವಾದ ಉಪಯೋಗವಿದೆ. ತುಡಿತ ಎನ್ನುವುದು ಅಲೆಯ ಹಾಗೆ. ಏರಿ, ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಆ ಹೊತ್ತಲ್ಲಿ ಹತ್ತು ನಿಮಿಷ ಚುರುಕಾಗಿ ನಡೆದರೆ ಅಥವಾ ಉಸಿರನ್ನು ನಿಧಾನವಾಗಿ ಎಳೆದು ಅದಕ್ಕಿಂತ ನಿಧಾನವಾಗಿ ಬಿಟ್ಟರೆ ಅಲೆ ದಾಟುತ್ತದೆ. ಆದರೆ ಬರೀ ಅದರಿಂದಲೇ ವರ್ಷಗಟ್ಟಲೆ ಬಿಟ್ಟಿರಬಹುದು ಎನ್ನಲು ಗಟ್ಟಿ ಆಧಾರವಿಲ್ಲ. ಅಕ್ಯುಪಂಕ್ಚರ್, ಕಿವಿಗೆ ಬೀಜ ಅಂಟಿಸುವುದು, ಸಮ್ಮೋಹನ ಇವುಗಳ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗಲೂ ದೀರ್ಘಾವಧಿಯ ಲಾಭ ಖಚಿತವಾಗಿಲ್ಲ. ಹಾನಿಯೂ ಹೆಚ್ಚಿಲ್ಲ, ಕೈಯಲ್ಲಿರುವ ದುಡ್ಡು ಸೀಮಿತವಾಗಿದ್ದರೆ ಮೊದಲು ಗಮ್ಮಿಗೆ ಖರ್ಚು ಮಾಡಿ, ಉಳಿದರೆ ಇವಕ್ಕೆ.

ಗಿಡಮೂಲಿಕೆಯ ಸಿಗರೇಟು ಬೇಡವೇ ಬೇಡ. ನಿಕೋಟಿನ್ ಇರುವುದಿಲ್ಲ, ಆದರೆ ತುಳಸಿಯನ್ನೇ ಸುಟ್ಟರೂ ಹೊಗೆಯಲ್ಲಿ ಟಾರು ಮತ್ತು ಕಾರ್ಬನ್ ಮಾನಾಕ್ಸೈಡ್ ಇದ್ದೇ ಇರುತ್ತದೆ. ಗಂಡನಿಗೆ ಗೊತ್ತಾಗದಂತೆ ಚಹಾದಲ್ಲಿ ಕಲಸಿ ಕೊಡಿ ಎಂದು ಮಾರುವ ಪುಡಿಗಳೂ ಬೇಡ. ಒಳಗೇನಿದೆಯೋ ಗೊತ್ತಿಲ್ಲ, ಬಿಡುವವನ ಒಪ್ಪಿಗೆಯೇ ಇಲ್ಲದೆ ಬಿಡಿಸಲು ಬರುವುದೂ ಇಲ್ಲ. ಬಾಯಿಗೆ ಏಲಕ್ಕಿ, ಲವಂಗ, ಬಡೇಸೋಪು, ಒಣ ನೆಲ್ಲಿ ಆಗಬಹುದು. ಬೆರಳ ಸಂದಿಗೆ ಏನಾದರೂ ಬೇಕೆನ್ನುವವರಿಗೆ ಬೀಡಿಯುದ್ದದ ದಾಲ್ಚಿನ್ನಿ ಚೆಕ್ಕೆ ಚೆನ್ನ. ಜೇಷ್ಠಮಧುವಿನ ಬೇರನ್ನು ಮಾತ್ರ ದಿನಗಟ್ಟಲೆ ಅಗಿಯುತ್ತಿರಬಾರದು. ಅದು ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ, ಬಿ.ಪಿ. ಮಾತ್ರೆ ನುಂಗುವವರಿಗೆ ಅಪಾಯ.

ಗಿಡದಿಂದ ಬಂದದ್ದೆಂದು ತಳ್ಳಿಹಾಕಬೇಕಿಲ್ಲ ಎನ್ನುವುದಕ್ಕೆ ಸೈಟಿಸಿನ್ ಸಾಕ್ಷಿ. ಲ್ಯಾಬರ್ನಮ್ ಎಂಬ ಹಳದಿ ಹೂವಿನ ಮರದ ಬೀಜದಿಂದ ತೆಗೆದ ಈ ಮದ್ದು ಬಲ್ಗೇರಿಯಾದಲ್ಲಿ 1960ರ ದಶಕದಿಂದ ಬಳಕೆಯಲ್ಲಿದೆ. 25 ದಿನಗಳ ಕ್ರಮ. ದೊಡ್ಡ ಪ್ರಯೋಗಗಳಲ್ಲಿ ಗೆದ್ದ ಮೇಲೆ, 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿ ವರೆನಿಕ್ಲಿನ್, ಬುಪ್ರೋಪಿಯಾನ್, ನಿಕೋಟಿನ್ ಬದಲಿಗಳ ಸಾಲಿನಲ್ಲೇ ಇದಕ್ಕೂ ಜಾಗ ಸಿಕ್ಕಿತು. ಇ-ಸಿಗರೇಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2019ರ ಕಾಯ್ದೆಯಿಂದ ಅದರ ತಯಾರಿಕೆ, ಆಮದು, ಮಾರಾಟ ಎಲ್ಲವೂ ನಿಷಿದ್ಧ. ಗೋವಾದಿಂದ ಕದ್ದು ತಂದದ್ದರಲ್ಲಿ ನಿಕೋಟಿನ್ ಎಷ್ಟಿದೆ ಎಂಬುದಕ್ಕೆ ಯಾರೂ ಜವಾಬ್ದಾರರಲ್ಲ.

ಕವಳದ ತಟ್ಟೆ

ಜಿಲ್ಲೆಯಲ್ಲಿ ಬೀಡಿ ಬಿಟ್ಟೆ ಎನ್ನುವವರನ್ನು ಇನ್ನೊಂದು ಪ್ರಶ್ನೆ ಕೇಳಬೇಕು: ಕವಳ ಎಷ್ಟಕ್ಕೇರಿತು? ದಿನಕ್ಕೆ ನಾಲ್ಕು ಇದ್ದದ್ದು ಹನ್ನೆರಡಾಗಿದ್ದರೆ, ಪ್ರತಿಯೊಂದರಲ್ಲೂ ಒಂದೆಸಳು ತಂಬಾಕು ಇದ್ದರೆ, ನಿಕೋಟಿನ್ ದಾರಿ ಬದಲಿಸಿದೆ ಅಷ್ಟೆ. ಬೀಡಿ ಬಿಟ್ಟ ಮೂರನೇ ದಿನವೂ ಸಿಟ್ಟಿಲ್ಲ, ನಿದ್ದೆಗೇಡಿಲ್ಲ, ತಲೆಭಾರವಿಲ್ಲ ಎಂದರೆ ಗೆದ್ದೆ ಎಂದು ಬೀಗುವ ಮೊದಲು ಬಾಯಲ್ಲೇನಿದೆ ಎಂದು ನೋಡಿಕೊಳ್ಳಬೇಕು. ಅದೇ 2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ. 8.8, ಹೊಗೆಯಿಲ್ಲದ ತಂಬಾಕಿನವರು ಶೇ. 16.3. ಗುಟ್ಕಾ 2013ರಿಂದ ರಾಜ್ಯದಲ್ಲಿ ನಿಷೇಧ. ಅದರ ಮರುದಿನದಿಂದಲೇ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ. ಬಾಯಲ್ಲಿ ಎರಡೂ ಒಂದೇ.

ತಂಬಾಕಿಲ್ಲದ ಬರೀ ಎಲೆ-ಅಡಿಕೆ ಆದೀತೇ ಎಂಬ ಪ್ರಶ್ನೆಗೆ ಶಿರಸಿ ಮಾರುಕಟ್ಟೆಯ ಸುತ್ತ ಇಷ್ಟವಾಗುವ ಉತ್ತರವಿಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತಂಬಾಕಿಲ್ಲದ ಕವಳವನ್ನೂ, ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ತೋಟದ ಆದಾಯದ ಪ್ರಶ್ನೆ ಬೇರೆ, ಬಾಯಿಯೊಳಗಿನ ಪದರದ ಪ್ರಶ್ನೆ ಬೇರೆ. ಒಂದಕ್ಕೆ ಇನ್ನೊಂದನ್ನು ಉತ್ತರವಾಗಿ ಕೊಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶಕ್ಕೂ ತನ್ನದೇ ಹಿಡಿತವಿದೆ, ಹಾಗಾಗಿ ಬೀಡಿಯ ಬದಲಿಗೆ ಅಡಿಕೆ ಹೋಳು ಎಂದರೆ ಇನ್ನೊಂದು ಚಟಕ್ಕೆ ಕೈ ಕೊಟ್ಟಂತೆ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ: ಬಾಯಿ ಪೂರ್ತಿ ತೆರೆದು ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸಬೇಕು. ಹೋಗದಿದ್ದರೆ, ಸ್ವಲ್ಪ ಖಾರಕ್ಕೂ ಬಾಯಿ ಉರಿಯುತ್ತಿದ್ದರೆ, ಬಿಳಿ ಕಲೆ ಅಥವಾ ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ ದಂತವೈದ್ಯರಿಗೆ ತೋರಿಸಲೇಬೇಕು. ಜಗಿಯುವುದನ್ನು ಬಿಡಲು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವುದು ವರೆನಿಕ್ಲಿನ್ ಅಥವಾ ನಿಕೋಟಿನ್ ಬದಲಿ.

ಯಾವ ದಿನ ಬಿಡಬೇಕೆಂಬುದೂ ಸಣ್ಣ ವಿಷಯವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನದ ರಜೆ. ಹೆಚ್ಚುಕಡಿಮೆ ಒಂಬತ್ತು ವಾರ, ಗಮ್ಮಿನ ಕ್ರಮದ ಮುಕ್ಕಾಲು ಭಾಗ ದಡದಲ್ಲೇ ಮುಗಿಯುತ್ತದೆ. ತೊಂದರೆ ಏನೆಂದರೆ ಆ ಎರಡು ತಿಂಗಳು ಗಳಿಕೆಯಿಲ್ಲ, ಬಲೆ ರಿಪೇರಿಗೆ ಗುಂಪಾಗಿ ಕೂತಾಗ ಬೀಡಿಯೂ ಸುತ್ತುಹೊಡೆಯುತ್ತದೆ. ಆದ್ದರಿಂದ ಗಮ್ಮಿನ ದುಡ್ಡನ್ನು ಮೇ ತಿಂಗಳ ಪಾಲಿನಲ್ಲೇ ತೆಗೆದಿಡಬೇಕು, ಸಾಧ್ಯವಾದರೆ ಒಂದೇ ಬೋಟಿನ ಇಬ್ಬರು ಮೂವರು ಒಟ್ಟಿಗೆ ಬಿಡಬೇಕು. ಆಗಸ್ಟಿನಲ್ಲಿ ಕಡಲಿಗಿಳಿಯುವಾಗ ಬೋಟಿನಲ್ಲಿ ನೀಡುವ ಕೈಗಳು ಅಷ್ಟು ಕಡಿಮೆಯಾಗುತ್ತವೆ. ಘಟ್ಟದ ಮೇಲೆ ಅಡಿಕೆಯ ಕೊನೆಕೊಯ್ಲು, ಸುಲಿಯುವ ರಾತ್ರಿಗಳಲ್ಲಿ ಶುರು ಮಾಡಬಾರದು: ಚಳಿ, ನಿದ್ದೆಗೇಡು, ನಡುವೆ ಕವಳದ ತಟ್ಟೆ. ಅದು ಮುಗಿದ ಮೇಲೆ ಎಂದರೆ ಮದುವೆಯ ಕಾಲ, ಆಮೇಲೆ ಮಳೆ, ಕೊಳೆರೋಗ, ಬೋರ್ಡೋ ಸಿಂಪಡಣೆಯ ತಲೆಬಿಸಿ. ನೆಪ ಹುಡುಕುವವರಿಗೆ ಹನ್ನೆರಡು ತಿಂಗಳೂ ಸಾಲುವುದಿಲ್ಲ. ಸುಲಿತ ಮುಗಿದ ಮರುವಾರ ಎಂದು ಗುರುತು ಹಾಕಿಬಿಡುವುದು ಒಳ್ಳೆಯದು.

ಬಿಟ್ಟ ಮೇಲೆ ಬರುವ ಕೆಲವು ತೊಂದರೆಗಳನ್ನು ಮೊದಲೇ ಹೇಳದಿದ್ದರೆ ಜನ ಹೆದರಿ ವಾಪಸು ಹಚ್ಚುತ್ತಾರೆ. ಹೊಟ್ಟೆ ಕಟ್ಟುವುದು ಅದರಲ್ಲಿ ಮೊದಲನೆಯದು. ನಿಕೋಟಿನ್ ಕರುಳನ್ನು ಓಡಿಸುತ್ತಿತ್ತು, ಈಗ ಅದು ಮರೆತುಬಿಡುತ್ತದೆ. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ರಾತ್ರಿ ಬಾಳೆಹಣ್ಣು, ಹಸಿ ತರಕಾರಿ, ಅಗತ್ಯವಿದ್ದರೆ ಇಸಬಗೋಲು. ಎರಡು ಮೂರು ವಾರದಲ್ಲಿ ಸರಿಹೋಗುತ್ತದೆ. ಕೆಮ್ಮು ಹೆಚ್ಚಾಗಬಹುದು, ಬಾಯಲ್ಲಿ ಸಣ್ಣ ಹುಣ್ಣೂ ಏಳಬಹುದು. ವರ್ಷದಲ್ಲಿ ತೂಕ ಸರಾಸರಿ ನಾಲ್ಕೈದು ಕಿಲೋ ಏರುತ್ತದೆ. ಕಾಫಿಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಹೊಗೆಯಲ್ಲಿನ ರಾಸಾಯನಿಕಗಳು ಕೆಫೀನನ್ನು ಮುರಿಯುವ ಯಕೃತ್ತಿನ ಕಿಣ್ವವನ್ನು ಚುರುಕಾಗಿಟ್ಟಿರುತ್ತವೆ. ಸೇದುವುದು ನಿಂತರೆ ಅದೇ ಎರಡು ಲೋಟ ಕಾಫಿಗೆ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎದೆ ಢವಢವ, ಕೈ ನಡುಕ, ನಿದ್ದೆ ಇಲ್ಲ. ಬೀಡಿ ಬಿಟ್ಟದ್ದರಿಂದ ಹೀಗಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಕಾಫಿ-ಚಹಾ ಅರ್ಧಕ್ಕಿಳಿಸಿದರೆ ಬಹುಪಾಲು ಇಳಿಯುತ್ತದೆ. ಇದೇ ಕಿಣ್ವ ದಮ್ಮಿಗೆ ಕೊಡುವ ಥಿಯೋಫಿಲಿನ್ ಮಾತ್ರೆಯನ್ನೂ, ಮಾನಸಿಕ ಕಾಯಿಲೆಗೆ ಕೊಡುವ ಕ್ಲೊಜಪೀನ್, ಒಲಾಂಜಪೀನ್‌ಗಳನ್ನೂ ಮುರಿಯುತ್ತದೆ. ಇವನ್ನು ನುಂಗುವವರು ಬಿಡುವ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಪ್ರಮಾಣ ಇಳಿಸಬೇಕಾಗುತ್ತದೆ.

ಮದುವೆ ಮನೆಯಲ್ಲಿ ಒಂದು ಸೇದಿಬಿಟ್ಟರೆ? ಒಂದು ಸೇದಿದ್ದು ಒಂದೇ. ಗಮ್ಮು ನಿಲ್ಲಿಸಬಾರದು, ಹೊಸ ಮುಹೂರ್ತ ಹುಡುಕಬಾರದು, ಜೇಬಲ್ಲಿ ಉಳಿದದ್ದನ್ನು ಬಿಸಾಡಿ ಅದೇ ಸಂಜೆಯಿಂದ ಮುಂದುವರಿಸಬೇಕು. ಜಾರುವುದು ಹೆಚ್ಚಾಗಿ ಎರಡು ಪೆಗ್ ಹೊಟ್ಟೆಗಿಳಿದ ಮೇಲೆ, ಹಾಗಾಗಿ ಮೊದಲ ಮೂರು ತಿಂಗಳು ಕುಡಿಯುವ ಕೂಟಗಳಿಂದ ದೂರ ಇರುವುದು ಬೇರೆಲ್ಲ ಉಪಾಯಗಳಿಗಿಂತ ಅಗ್ಗ. ಬ್ರಿಟನ್ನಿನ ವೈದ್ಯರನ್ನು ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ 60ಕ್ಕೆ ಬಿಟ್ಟವರಿಗೂ ಸುಮಾರು 3 ವರ್ಷದ ಆಯುಷ್ಯ ವಾಪಸು ಸಿಕ್ಕಿತ್ತು, 50ಕ್ಕೆ ಬಿಟ್ಟವರಿಗೆ 6, 40ಕ್ಕೆ 9. ಈ ವಯಸ್ಸಿಗೆ ಬಿಟ್ಟು ಏನು ಎನ್ನುವ ಅಜ್ಜಂದಿರಿಗೆ ಇದನ್ನು ಹೇಳಬಹುದು.

ಮಾತಾಡಿ ಧೈರ್ಯ ಹೇಳುವವರು ಬೇಕಾದರೆ ರಾಷ್ಟ್ರೀಯ ಸಹಾಯವಾಣಿ 1800-11-2356 ಇದೆ, ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ. 2018ರಿಂದ ಈ ಸಂಖ್ಯೆಯನ್ನು ಪ್ರತಿ ಪ್ಯಾಕಿನ ಮೇಲೂ ಅಚ್ಚು ಹಾಕಿಸಲಾಗುತ್ತಿದೆ. ಬಿಡಿಯಾಗಿ ಕೊಳ್ಳುವವರು ಅದನ್ನು ನೋಡಿರುವುದಿಲ್ಲ. ಗೂಡಂಗಡಿಯವನ ಹತ್ತಿರ ಖಾಲಿ ಪ್ಯಾಕು ಕೇಳಿದರೆ ಕೊಡುತ್ತಾನೆ, ಅದಕ್ಕೆ ದುಡ್ಡಿಲ್ಲ.